ದಡದ ಮೇಲಿನ ದೋಣಿ

ನೀರಿಲ್ಲದೆಡೆಯಲ್ಲಿ ದೋಣಿ ನಡೆಸುವವನನ್ನು ಕಂಡರೆ ನಗದವರಾರು? ಕಳೆದ ಆರು ತಿಂಗಳಿನಿಂದ ನಮ್ಮ ಮನೆಗೆ ಬಂದವರೆಲ್ಲ ನನ್ನನ್ನು ನೋಡಿ ನಗುತ್ತಿರುವುದು ಇದೇ ಕಾರಣಕ್ಕೆ. ನಡುಮನೆಯಲ್ಲಿ, ದೇವರ ಕೋಣೆಗೂ ಪುಸ್ತಕದ ಬೀರುವಿಗೂ ನಡುವೆ, ಎಂಟಡಿ ಉದ್ದದ ರೋಯಿಂಗ್ ಯಂತ್ರವೊಂದು ಬಂದು ಮಲಗಿದೆ. ಅದಕ್ಕೆ ಹುಟ್ಟಿಲ್ಲ, ಚುಕ್ಕಾಣಿಯಿಲ್ಲ. ಒಂದು ಹಳಿ, ಹಳಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುವ ಪೀಠ, ಪಾದಗಳನ್ನು ಬಿಗಿಯಲು ಪಟ್ಟಿ, ಸರಪಳಿಗೆ ಕೂಡಿಸಿದ ಹಿಡಿ, ಆ ಸರಪಳಿ ಎಳೆದಂತೆ ಗೂಡಿನೊಳಗೆ ಗಾಳಿಯನ್ನು ಕಡೆಯುವ ಚಕ್ರ. ಇಷ್ಟೇ ಅದರ ಸಂಸಾರ.

ಇದನ್ನು ಮನೆಗೆ ತರಿಸಿದ್ದು ನಾನಲ್ಲ, ನನ್ನ ಮಂಡಿ. ರಕ್ತದಲ್ಲಿ ಸಕ್ಕರೆ ಏರಿದೆ, ದಿನವೂ ಬಿರುಸಾಗಿ ನಡೆಯಿರಿ ಎಂದರು ಡಾಕ್ಟರು. ನಡೆಯಲಾರೆ ಎಂದಿತು ಮಂಡಿ. ಆಗ ಮಗ, “ಅಪ್ಪ, ಇದರಲ್ಲಿ ಮೈಭಾರ ಮಂಡಿ ಮೇಲೆ ಬೀಳೋದಿಲ್ಲ. ಕೂತೇ ಮಾಡಬಹುದು,” ಎಂದ. ಮೂವತ್ತು ವರ್ಷ ಕಚೇರಿಯ ಕುರ್ಚಿಯಲ್ಲಿ ಕಳೆದವನಿಗೆ ಕುಳಿತು ಮಾಡುವ ವ್ಯಾಯಾಮಕ್ಕಿಂತ ಹಿತವಾದ ಮಾತು ಬೇರೇನಿದ್ದೀತು? ಡಾಕ್ಟರೂ ಆಗಬಹುದೆಂದರು.

ನೆಲದ ಮೇಲೆ ಕುಳಿತು ದೋಣಿವಿದ್ಯೆ ಕಲಿತವರಲ್ಲಿ ನಾನೇನೂ ಮೊದಲಿಗನಲ್ಲ. ಕ್ರಿಸ್ತಪೂರ್ವ 260ರ ಸುಮಾರಿನಲ್ಲಿ ಕಾರ್ಥೇಜಿನವರೊಡನೆ ಸಮುದ್ರಯುದ್ಧಕ್ಕೆ ಹೊರಟ ರೋಮನರಿಗೆ ಹುಟ್ಟು ಹಾಕಿ ಅಭ್ಯಾಸವಿರಲಿಲ್ಲ. ಹಡಗುಗಳು ಸಿದ್ಧವಾಗುವುದರೊಳಗೆ ಆಳುಗಳನ್ನು ನೆಲದ ಮೇಲೆಯೇ ಸಾಲು ಬೆಂಚುಗಳಲ್ಲಿ ಕೂರಿಸಿ, ನಡುವೆ ನಿಂತವನೊಬ್ಬನ ಕೂಗಿಗೆ ಎಲ್ಲರೂ ಒಟ್ಟಿಗೆ ಹಿಂದಕ್ಕೆ ವಾಲಿ ಒಟ್ಟಿಗೆ ಮುಂದಕ್ಕೆ ಬಾಗುವಂತೆ ಪಳಗಿಸಿದರೆಂದು ಇತಿಹಾಸಕಾರ ಪಾಲಿಬಿಯಸ್ ಬರೆದಿದ್ದಾನೆ. ಇಂದಿನ ಗಾಳಿಚಕ್ರದ ಯಂತ್ರ ಬಳಕೆಗೆ ಬಂದುದಾದರೋ ತೀರ ಈಚೆಗೆ. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿದ್ದ ಡ್ರೈಸಿಗಾಕರ್ ಸೋದರರು 1981ರಲ್ಲಿ ತಮ್ಮ ಮೊದಲ ಯಂತ್ರವನ್ನು ಮಾರಾಟಕ್ಕೆ ತಂದಾಗ ಅದರಲ್ಲಿದ್ದುದು ಒಂದು ಸೈಕಲ್ ಚಕ್ರ.

ಇನ್ನು ನನ್ನ ಪ್ರತಾಪಕ್ಕೆ ಬರೋಣ. ಚಕ್ರದ ಪಕ್ಕದಲ್ಲಿ 1ರಿಂದ 10ರವರೆಗೆ ಅಂಕಿಗಳುಳ್ಳ ಸನ್ನೆಯೊಂದಿದೆ. ಗಂಡಸಾದವನು ಹತ್ತಕ್ಕಿಂತ ಕಡಿಮೆಗೆ ಒಪ್ಪುವುದುಂಟೆ? ಹತ್ತಕ್ಕೇರಿಸಿ, ಹಲ್ಲು ಕಚ್ಚಿ, ತೋಳಿನಿಂದ ಎಳೆದೆ. ಮೂರನೆಯ ವಾರ ಸೊಂಟ ಹಿಡಿದುಕೊಂಡಿತು. ಬಚ್ಚಲಲ್ಲಿ ಬಾಗಿ ಚೊಂಬು ಎತ್ತಲಾರದೆ ಹೋದೆ.

“ಏನೂಂದ್ರೆ, ಇದನ್ನ ಮಾರಿಬಿಡಿ. ಬಟ್ಟೆ ಒಣಹಾಕೋದಕ್ಕೂ ಬರೋದಿಲ್ಲ,” ಎಂದಳು ಮನೆಯಾಕೆ.

ಮಾರುವುದು ಸುಲಭವಾಗಿತ್ತು. ಆದರೆ ಇದೇ ಸಕ್ಕರೆಯ ಕಾಯಿಲೆಯಿಂದ ನನ್ನ ತಂದೆ ಮೊದಲು ಕಾಲಿನ ಎರಡು ಬೆರಳುಗಳನ್ನೂ ಅನಂತರ ಪಾದವನ್ನೂ ಕಳೆದುಕೊಂಡುದನ್ನು ಕಣ್ಣಾರೆ ಕಂಡವನು ನಾನು. ಸೊಂಟದ ನೋವು ಇಳಿದ ಮೇಲೆ, ಸೇನೆಯಲ್ಲಿದ್ದಾಗ ದೋಣಿಯ ಪಂದ್ಯಗಳಲ್ಲಿ ಹುಟ್ಟು ಹಾಕಿದ್ದ ಪಕ್ಕದ ಬೀದಿಯ ಸುಬೇದಾರರನ್ನು ಕರೆತಂದೆ. ಅವರು ಎರಡು ನಿಮಿಷ ನೋಡಿದರು.

“ಸಾರ್, ನೀವು ಬಾವಿಯಿಂದ ನೀರು ಸೇದ್ತಾ ಇದೀರಿ. ಇದು ಕೈಯಲ್ಲಿ ಎಳೆಯೋದಲ್ಲ, ಕಾಲಲ್ಲಿ ನೂಕೋದು.”

ಗುಟ್ಟೆಲ್ಲ ಈ ಒಂದು ಮಾತಿನಲ್ಲಿದೆ. ಹೋಗುವಾಗ ಕಾಲು, ಸೊಂಟ, ಕೈ; ಬರುವಾಗ ಕೈ, ಸೊಂಟ, ಕಾಲು. ಮೊದಲು ಮಂಡಿ ಮಡಚಿ ಮುಂದಕ್ಕೆ ಬಂದಾಗ ಮೊಳಕಾಲಿನ ಮೂಳೆ ನೆಟ್ಟಗಿರಬೇಕು, ತೋಳು ನೀಳವಾಗಿರಬೇಕು, ಬೆನ್ನು ಗೂನಾಗದೆ ಸೊಂಟದಿಂದಷ್ಟೇ ಮುಂದಕ್ಕೆ ಬಾಗಿರಬೇಕು. ಅಲ್ಲಿಂದ ಪಾದಗಳಿಂದ ನೂಕಬೇಕು. ಪೀಠ ಎಷ್ಟು ಸರಿಯಿತೋ ಹಿಡಿಯೂ ಅಷ್ಟೇ ಸರಿಯಬೇಕು. ಪೀಠ ಮಾತ್ರ ಹಿಂದಕ್ಕೋಡಿ ಹಿಡಿ ನಿಂತಲ್ಲೇ ನಿಂತರೆ ಕಾಲಿನ ಬಲವೆಲ್ಲ ವ್ಯರ್ಥ. ಕಾಲು ಹೆಚ್ಚುಕಡಿಮೆ ನೆಟ್ಟಗಾದ ಬಳಿಕ ಮೈಯನ್ನು ಕೊಂಚ ಹಿಂದಕ್ಕೆ ವಾಲಿಸಿ, ಕಡೆಯಲ್ಲಿ ಹಿಡಿಯನ್ನು ಪಕ್ಕೆಲುಬಿನ ಕೆಳಭಾಗಕ್ಕೆ ತರಬೇಕು.

ಮರಳುವಾಗ ಅವಸರ ಕೂಡದು. ತೋಳು ಚಾಚಿ, ಮೈ ಬಾಗಿಸಿ, ಹಿಡಿ ಮಂಡಿಯನ್ನು ದಾಟಿದ ಮೇಲೆಯೇ ಮಂಡಿ ಮಡಚಬೇಕು. ಮೊದಲೇ ಮಡಚಿದರೆ ನನ್ನಂತೆ ಹಿಡಿಯನ್ನು ಮಂಡಿಯ ಮೇಲೆ ಹಾರಿಸಬೇಕಾಗುತ್ತದೆ. ನೂಕುವುದಕ್ಕೆ ಒಂದೆಣಿಕೆಯಾದರೆ ಮರಳುವುದಕ್ಕೆ ಎರಡೆಣಿಕೆ. ನಿಮಿಷಕ್ಕೆ 18ರಿಂದ 22 ಬಾರಿ ಹುಟ್ಟು ಹಾಕಿದರೆ ನಮ್ಮಂಥವರಿಗೆ ಧಾರಾಳವಾಯಿತು.

ಸುಬೇದಾರರು ಸನ್ನೆಯನ್ನು ಹತ್ತರಿಂದ ನಾಲ್ಕಕ್ಕಿಳಿಸಿದರು. ಅದು ಚಕ್ರದ ಗೂಡಿಗೆ ಎಷ್ಟು ಗಾಳಿ ನುಗ್ಗಬೇಕೆಂಬುದನ್ನು ನಿಯಮಿಸುತ್ತದೆಯೇ ಹೊರತು ನಮ್ಮ ಪರಾಕ್ರಮವನ್ನು ಅಳೆಯುವುದಿಲ್ಲ. ಹೆಚ್ಚು ಗಾಳಿ ಹೊಕ್ಕರೆ ಚಕ್ರ ಬೇಗ ನಿಧಾನವಾಗುತ್ತದೆ, ಭಾರವಾದ ದೋಣಿಯನ್ನು ನಡೆಸಿದಂತಾಗುತ್ತದೆ. ನಾಲ್ಕರಲ್ಲಿಟ್ಟಾಗಲೂ ಬಲವಾಗಿ ನೂಕಿದವನಿಗೆ ಚಕ್ರ ಬಲವಾಗಿಯೇ ಉತ್ತರ ಕೊಡುತ್ತದೆ.

ಯಂತ್ರದ ಮುಂದಿನ ಪುಟ್ಟ ಪರದೆ 500 ಮೀಟರು ಸಾಗಲು ಹಿಡಿಯುವ ಕಾಲವನ್ನು ತೋರಿಸುತ್ತದೆ. ಇದರ ಲೆಕ್ಕದಲ್ಲೊಂದು ವಿಶೇಷವುಂಟು. ಎರಡೂವರೆ ನಿಮಿಷದ ವೇಗಕ್ಕೆ ಸುಮಾರು 104 ವ್ಯಾಟ್ ಶಕ್ತಿ ಸಾಕು. ಎರಡು ನಿಮಿಷಕ್ಕಿಳಿಸಲು 203 ವ್ಯಾಟ್ ಬೇಕು. ಮೂವತ್ತು ಸೆಕೆಂಡು ಉಳಿಸಲು ಶಕ್ತಿ ಹೆಚ್ಚುಕಡಿಮೆ ಇಮ್ಮಡಿಯಾಗಬೇಕು! ಆದುದರಿಂದ ನಡುವಯಸ್ಸಿನವರು ಅಂಕಿಯ ಬೆನ್ನು ಹತ್ತುವುದು ಜಾಣತನವಲ್ಲ. ಮೊದಲು ಕ್ರಮ ಕೂಡಿಬರಲಿ; ವೇಗ ತಾನಾಗಿ ಬರುತ್ತದೆ.

ಇದಕ್ಕೆ ಸಾಕ್ಷಿ ಮನೆಯಲ್ಲೇ ದೊರೆಯಿತು. ಪಾಠವನ್ನೆಲ್ಲ ಬಾಗಿಲಲ್ಲಿ ನಿಂತು ಕೇಳಿದ್ದ ನನ್ನಾಕೆ ಒಂದು ಮಧ್ಯಾಹ್ನ ತಾನೂ ಕುಳಿತಳು. ತೋಳಿನ ಬಲದ ಮೇಲೆ ಆಕೆಗೆ ಯಾವ ಭ್ರಮೆಯೂ ಇರಲಿಲ್ಲವಾಗಿ, ಹೇಳಿದಂತೆ ಕಾಲಿನಿಂದ ನೂಕಿದಳು. ಹತ್ತರಲ್ಲಿಟ್ಟು ಹೆಣಗಿದ ನನ್ನ ಮೊದಲ ವಾರದ ವೇಗವನ್ನು ಆಕೆ ಐದೇ ನಿಮಿಷದಲ್ಲಿ ದಾಟಿದಳು. ಯಂತ್ರವನ್ನು ಮಾರುವ ಮಾತು ಅಂದಿಗೆ ನಿಂತುಹೋಯಿತು.

ಹೊಸದಾಗಿ ತೊಡಗುವ ವಾಚಕರಿಗೆ ಎರಡು ಮಾತು. ಹೃದಯ, ಬೆನ್ನು, ಮಂಡಿಗಳ ತೊಂದರೆಯುಳ್ಳವರು ಡಾಕ್ಟರರನ್ನು ಕೇಳದೆ ಪೀಠವೇರಬಾರದು; ಸಕ್ಕರೆಗೆ ಔಷಧ ತೆಗೆದುಕೊಳ್ಳುವವರು ವ್ಯಾಯಾಮದಿಂದ ಸಕ್ಕರೆ ತೀರ ಇಳಿಯದಂತೆ ಏನು ಮಾಡಬೇಕೆಂಬುದನ್ನೂ ಕೇಳಿಕೊಳ್ಳಬೇಕು. ಮೊದಲ ದಿನ ಹತ್ತು ನಿಮಿಷ ಸಾಕು. ದಣಿದಾಗ ಬೆನ್ನು ಗೂನಾಗತೊಡಗುತ್ತದೆ. ಅಂದಿನ ಮಟ್ಟಿಗೆ ನಿಲ್ಲಿಸಬೇಕೆಂಬುದಕ್ಕೆ ಅದೇ ಗುರುತು.

ಕಳೆದ ತಿಂಗಳ ರಕ್ತಪರೀಕ್ಷೆಯಲ್ಲಿ ನನ್ನ ಸಕ್ಕರೆ ಇಳಿದಿತ್ತು. “ಕೀರ್ತಿಯನ್ನೆಲ್ಲ ಯಂತ್ರಕ್ಕೇ ಕೊಡಬೇಡಿ, ಮೈಸೂರುಪಾಕು ಬಿಟ್ಟದ್ದಕ್ಕೂ ಸ್ವಲ್ಪ ಕೊಡಿ,” ಎಂದರು ಡಾಕ್ಟರು. ಇರಲಿ. ಬೆಳಗ್ಗೆ ಐದೂವರೆಗೆ ನಾನು ಪೀಠವೇರಿ ಚಕ್ರ ಗುಂಯ್ ಎನ್ನುತ್ತಿದ್ದಂತೆ ಅಡುಗೆಮನೆಯಿಂದ ಕೂಗು ಕೇಳುತ್ತದೆ: “ಕಾಲು, ಸೊಂಟ, ಕೈ! ಮತ್ತೆ ಕೈಯಲ್ಲೇ ಎಳೀತಾ ಇದೀರಲ್ಲ!”

ರೋಮನರಿಗೂ ಕೂಗುವವನೊಬ್ಬನಿದ್ದನಲ್ಲವೆ? ಆದರೆ ಅವನು ಕಾಫಿ ಕೊಡುತ್ತಿರಲಿಲ್ಲ.