ತುಮಕೂರಿನ ವಿಶ್ವವಿದ್ಯಾನಿಲಯ ಯಾರದು?

1916ರಲ್ಲಿ ಮೈಸೂರಲ್ಲಿ ವಿಶ್ವವಿದ್ಯಾನಿಲಯ ಎದ್ದಾಗ ನಮ್ಮ ಹಟ್ಟಿಗಳ ಎಷ್ಟೋ ಮಕ್ಕಳು ಊರ ಶಾಲೆಯ ಜಗಲಿಯನ್ನೂ ಹತ್ತಿರಲಿಲ್ಲ. 1964ರಲ್ಲಿ ಬೆಂಗಳೂರಿಗೊಂದು ಬಂತು. 2004ರಲ್ಲಿ ಅದನ್ನು ಒಡೆದು ತುಮಕೂರಿಗೆ ಕೊಟ್ಟರು. ಸಿ.ಎಸ್. ಪುರದ ಕೂಲಿಯವರ ಮಗಳು ಎಂ.ಎ. ಓದೋಕೆ ಬೆಂಗಳೂರಲ್ಲಿ ರೂಮು ಹಿಡಿಯಬೇಕಾಗಿಲ್ಲ. ಸಣ್ಣ ಮಾತಲ್ಲ, ಒಪ್ಪುತ್ತೇವೆ. ಆದರೆ ಅದು ಯಾರ ಭಿಕ್ಷೆಯೂ ಅಲ್ಲ.

ಬಾಗಿಲು ಹತ್ತಿರ ಬಂದ ಮಾತ್ರಕ್ಕೆ ಮನೆ ನಮ್ಮದಾಯಿತೆ? ಒಳಗೆ ಪಾಠ ಹೇಳುವವರು ಯಾರು? ರಾಜ್ಯದ ಪದವಿ ಕಾಲೇಜು, ವಿಶ್ವವಿದ್ಯಾನಿಲಯಗಳನ್ನು ಇವತ್ತು ಹೆಗಲ ಮೇಲೆ ಹೊತ್ತಿರೋರು ಅತಿಥಿ ಉಪನ್ಯಾಸಕರು. ಅತಿಥಿಗಳಂತೆ! ಹತ್ತು ಹದಿನೈದು ವರ್ಷ ಅದೇ ಕರಿಹಲಗೆಯ ಮುಂದೆ ನಿಂತವರು ಯಾವ ಮನೆಯ ನೆಂಟರು? ರಜೆ ಬಂತೆಂದರೆ ಸಂಬಳವೂ ರಜೆ. ಖಾಯಂ ನೇಮಕ ಮಾಡಿದರೆ ರೋಸ್ಟರ್ ಲೆಕ್ಕ ಕೊಡಬೇಕು, ಬ್ಯಾಕ್‌ಲಾಗ್ ತುಂಬಬೇಕು. ಖಾಲಿ ಕುರ್ಚಿಯ ಮೀಸಲಾತಿ ಯಾರ ಹೊಟ್ಟೆ ತುಂಬಿಸೀತು? ಬಿದರಕಟ್ಟೆಯಲ್ಲಿ ಹೊಸ ಕ್ಯಾಂಪಸ್ಸಿನ ಕಟ್ಟಡ ಕಟ್ಟಿದರು, ಸರಿ. ಅಲ್ಲಿ ನಿಂತು ಪಾಠ ಹೇಳುವವರಿಗೆ ಗಟ್ಟಿ ನೆಲ ಬೇಡವೆ?

ಮೇಷ್ಟ್ರುಗಳೇ, ಹುಡುಗರೇ, ಒಂದು ಅರ್ಜಿ ಬರೆಯೋಣ. ಪ್ರತಿ ವಿಭಾಗಕ್ಕೆ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಅದರಲ್ಲಿ ಪರಿಶಿಷ್ಟರ ಪಾಲು ಎಷ್ಟು, ಯಾವ ವರ್ಷದಿಂದ ಖಾಲಿ? 2005ರ ಮಾಹಿತಿ ಹಕ್ಕು ಕಾಯ್ದೆಗೆ 10 ರೂಪಾಯಿ ಸಾಕು. 30 ದಿನದೊಳಗೆ ಉತ್ತರ ಕೊಡಲೇಬೇಕು. ಕೊಡದಿದ್ದರೆ ಮೂವತ್ತೊಂದನೇ ದಿನ ಗೇಟಿನ ಮುಂದೆ ಸೇರುತ್ತೇವೆ.