ಓಟದ ದಿನದ ಮುಂಜಾನೆ

ಕೆಲವು ದಿನಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ನಾನು ವೃತ್ತಿಗೆ ಸೇರಿದ ಹೊಸತರಲ್ಲಿ ಓದಿದವನು. ಅವನಿಗೇ ಈಗ ಐವತ್ತೈದು ದಾಟಿದೆ. “ಸರ್, ಬೆಂಗಳೂರಿನ ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟಿದ್ದೇನೆ. ಆ ದಿನ ಬೆಳಿಗ್ಗೆ ಹೇಗಿರುತ್ತೆ, ಏನು ಮಾಡಬೇಕು, ಸ್ವಲ್ಪ ಹೇಳಿ” ಎಂದ. ನನಗೆ ನಗು ಬಂತು. ಪ್ರಾರ್ಥನೆಗೆ ತಡವಾಗಿ ಬರುತ್ತಿದ್ದ ಇವನನ್ನು ನಾನು ಎಷ್ಟು ಸಲ ಮೈದಾನ ಸುತ್ತಿಸಿದ್ದೆನೋ ಲೆಕ್ಕವಿಲ್ಲ. ಅಂದು ಶಿಕ್ಷೆಯಾಗಿದ್ದುದನ್ನು ಇಂದು ಶುಲ್ಕ ಕಟ್ಟಿ ಪಡೆಯುತ್ತಿದ್ದಾನೆ! ಅವನಿಗೆ ಹೇಳಿದ್ದನ್ನೂ, ಹೇಳಲು ಸಂಕೋಚಪಟ್ಟು ನುಂಗಿಕೊಂಡದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಬೆಂಗಳೂರಿನ ಈ ಓಟ ಆರಂಭವಾದದ್ದು 2008ರಲ್ಲಿ. ಅಲ್ಲಿಂದೀಚೆಗೆ ನಮ್ಮ ಊರುಗಳಲ್ಲಿ ಓಟದ ಹಬ್ಬಗಳು ಹೆಚ್ಚಿವೆ, ಅವುಗಳಲ್ಲಿ ತಲೆ ನರೆತವರೂ ಹೆಚ್ಚಿದ್ದಾರೆ. ನಿವೃತ್ತನಾದ ಮರುವರ್ಷ ನಾನೂ ಅವರಲ್ಲೊಬ್ಬನಾದೆ.

ಓಟದ ಮುಂಜಾನೆಯೆಂದರೆ ಪರೀಕ್ಷೆಯ ಮುಂಜಾನೆಯೇ. ಹಿಂದಿನ ರಾತ್ರಿ ನಿದ್ರೆ ಬರುವುದಿಲ್ಲ. ಬರದಿದ್ದರೆ ಚಿಂತೆಯಿಲ್ಲ, ಅದಕ್ಕೂ ಹಿಂದಿನ ರಾತ್ರಿ ಚೆನ್ನಾಗಿ ಮಲಗಿದ್ದರೆ ಸಾಕು. ಪರೀಕ್ಷೆಯ ದಿನ ಹೊಸ ಲೇಖನಿ ಹಿಡಿಯಬೇಡಿ ಎಂದು ನಿಮಗೆ ಹೇಳುತ್ತಿದ್ದೆನಲ್ಲವೇ? ಇಲ್ಲಿಯೂ ಅದೇ ನಿಯಮ. ಹೊಸ ಬೂಟು, ಹೊಸ ಕಾಲುಚೀಲ, ಹೊಸ ತಿಂಡಿ ಯಾವುದೂ ಅಂದು ಬೇಡ. ಉಚಿತವಾಗಿ ಕೊಟ್ಟ ಅಂಗಿಯನ್ನೂ ಒಗೆದು ಒಮ್ಮೆ ತೊಟ್ಟು ಓಡಿ ನೋಡದೆ ಹಾಕಿಕೊಳ್ಳಬೇಡಿ. ತೊಡೆಗಳ ನಡುವೆ, ಕಂಕುಳಲ್ಲಿ ಸ್ವಲ್ಪ ವ್ಯಾಸಲಿನ್ ಸವರಿಕೊಳ್ಳಿ. ಸವರಿಕೊಳ್ಳದವರು ಸಂಜೆಯ ಸ್ನಾನದಲ್ಲಿ ನನ್ನ ಮಾತನ್ನು ನೆನೆಯುತ್ತಾರೆ.

ವಯಸ್ಸಾದವರು ಓಟಕ್ಕೆ ಎರಡು ಗಂಟೆ ಮೊದಲೇ ಏಳಬೇಕು. ನಮ್ಮ ಕೀಲುಗಳು ಹಳೆಯ ಮನೆಯ ಬಾಗಿಲುಗಳಂತೆ, ತೆರೆದುಕೊಳ್ಳಲು ಸಮಯ ಬೇಡುತ್ತವೆ. ಎರಡು ಇಡ್ಲಿ ಅಥವಾ ಒಂದು ಬಾಳೆಹಣ್ಣು ಸಾಕು. ಕಾಫಿ ರೂಢಿಯಿದ್ದರೆ ಕುಡಿಯಿರಿ, ಇಲ್ಲದಿದ್ದರೆ ಅಂದು ಆರಂಭಿಸಬೇಡಿ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಮಾತ್ರೆಗಳನ್ನು ಅಂದು ಯಾವಾಗ, ಎಷ್ಟು ತೆಗೆದುಕೊಳ್ಳಬೇಕೆಂಬುದನ್ನು ವೈದ್ಯರಲ್ಲಿ ಮೊದಲೇ ಕೇಳಿಕೊಂಡಿರಿ. ಸಕ್ಕರೆ ಕಾಯಿಲೆಯವರ ಜೇಬಿನಲ್ಲಿ ಗ್ಲೂಕೋಸ್ ಇರಲೇಬೇಕು. ಮಂಡಿನೋವಿನ ಭಯದಿಂದ ಓಟಕ್ಕೆ ಮೊದಲೇ ನೋವಿನ ಮಾತ್ರೆ ನುಂಗುವವರಿದ್ದಾರೆ. ಮೈಯಲ್ಲಿ ನೀರು ಕಡಿಮೆಯಾದ ಹೊತ್ತಿನಲ್ಲಿ ಆ ಮಾತ್ರೆಗಳು ಮೂತ್ರಪಿಂಡಕ್ಕೆ ಕೇಡು ಮಾಡಬಲ್ಲವು.

ಮೈದಾನಕ್ಕೆ ಬೇಗ ತಲುಪಿರಿ. ಶೌಚಾಲಯದ ಸಾಲು ಉದ್ದವಾಗಿರುತ್ತದೆ, ನಮ್ಮ ವಯಸ್ಸಿನ ಗಂಡಸರು ಆ ಸಾಲಿನಲ್ಲಿ ಎರಡು ಸಲ ನಿಲ್ಲಬೇಕಾಗುತ್ತದೆ. ಇದರಲ್ಲಿ ನಾಚಿಕೆಯೇನೂ ಇಲ್ಲ. ಎದೆಗೆ ಪಿನ್ನಿನಿಂದ ಸಿಕ್ಕಿಸಿಕೊಳ್ಳುವ ನಂಬರಿನ ಹಾಳೆಯ ಹಿಂಬದಿಯಲ್ಲಿ ಮನೆಯವರ ದೂರವಾಣಿ ಸಂಖ್ಯೆ, ರಕ್ತದ ಗುಂಪು, ಸೇವಿಸುವ ಔಷಧಿಗಳ ಹೆಸರು ಬರೆದಿರಿ. ಆ ಖಾಲಿ ಜಾಗವನ್ನು ಬಹುತೇಕರು ಖಾಲಿಯಾಗಿಯೇ ಬಿಡುತ್ತಾರೆ. ನಾನೂ ಬಿಟ್ಟಿದ್ದೆ.

ಓಟ ಆರಂಭವಾದಾಗ ಹಿಂದೆ ನಿಲ್ಲಿ. ನೀವು ಆರಂಭದ ಗೆರೆಯನ್ನು ದಾಟಿದ ಕ್ಷಣದಿಂದಲೇ ನಂಬರಿನ ಹಾಳೆಗೆ ಅಂಟಿರುವ ಚಿಪ್ಪು ನಿಮ್ಮ ಹೊತ್ತನ್ನು ಎಣಿಸುತ್ತದೆ. ಆದ್ದರಿಂದ ನುಗ್ಗುವುದರಿಂದ ಲಾಭವಿಲ್ಲ. ಮೊದಲ ಕಿಲೋಮೀಟರಿನಲ್ಲಿ ಡೋಲು, ಹಾಡು, ಹುಡುಗರ ಕೇಕೆ ಎಲ್ಲವೂ ನಿಮ್ಮನ್ನು ಎಳೆಯುತ್ತವೆ. ಪಕ್ಕದವರೊಡನೆ ಪೂರ್ತಿ ವಾಕ್ಯವೊಂದನ್ನು ಆಡಲು ಆಗದಿದ್ದರೆ ವೇಗ ಹೆಚ್ಚಾಯಿತೆಂದು ತಿಳಿಯಿರಿ. ನಡುನಡುವೆ ನಡೆಯುವುದು ಸೋಲಲ್ಲ. 1972ರ ಒಲಿಂಪಿಕ್ಸ್‌ನಲ್ಲಿ ಹತ್ತು ಸಾವಿರ ಮೀಟರ್ ಓಡಿದ ಅಮೆರಿಕದ ಜೆಫ್ ಗ್ಯಾಲೊವೆ ಎಂಬವರೇ ಓಡು–ನಡೆ ಎಂಬ ಕ್ರಮವನ್ನು ಜನರಿಗೆ ಕಲಿಸಿದರು. ಏಪ್ರಿಲ್–ಮೇ ಬಿಸಿಲಿನಲ್ಲಿ ನೀರು ಬೇಕು ನಿಜ, ಆದರೆ ಬಾಯಾರಿಕೆಗೆ ತಕ್ಕಷ್ಟು. ಸಿಕ್ಕ ಕಡೆಯೆಲ್ಲ ಕುಡಿದರೆ ರಕ್ತದಲ್ಲಿನ ಸೋಡಿಯಂ ತೆಳುವಾಗಿ ಅದೇ ಅಪಾಯವಾದೀತು. ಓಟ ಮುಗಿದೊಡನೆ ಕುಸಿದು ಕೂರಬೇಡಿ, ಹತ್ತು ನಿಮಿಷ ನಡೆಯಿರಿ.

ಇಷ್ಟನ್ನೂ ಆ ವಿದ್ಯಾರ್ಥಿಗೆ ಹೇಳಿದೆ. ಹೇಳದೆ ಉಳಿದದ್ದು ಮುಂದಿನದು.

ಎರಡು ವರ್ಷಗಳ ಹಿಂದೆ ನಮ್ಮ ಜಿಲ್ಲಾ ಕೇಂದ್ರದ ಓಟವೊಂದರಲ್ಲಿ, ಎಂಟನೆಯ ಕಿಲೋಮೀಟರಿನ ಬಳಿ ನನ್ನ ಎದೆಯ ಮೇಲೆ ಯಾರೋ ಕಲ್ಲಿಟ್ಟಂತಾಯಿತು. ಎಡದವಡೆ ಸೆಳೆಯಿತು, ತಣ್ಣನೆ ಬೆವರಿತು. ಅದು ಅಂದೇ ಮೊದಲಲ್ಲ. ಮೂರು ವಾರಗಳಿಂದ ಮೆಟ್ಟಿಲು ಹತ್ತುವಾಗ ಎದೆ ಭಾರವಾಗುತ್ತಿತ್ತು. ಗ್ಯಾಸ್ ಎಂದು ಜೀರಿಗೆ ನೀರು ಕುಡಿದು, ಮನೆಯಾಕೆಗೆ ಹೇಳದೆ ಇದ್ದೆ. ಹೇಳಿದ್ದರೆ ಓಟಕ್ಕೆ ಕಳುಹಿಸುತ್ತಿರಲಿಲ್ಲ ಎಂಬುದೇ ಕಾರಣ.

ಉಳಿದದ್ದು ಎರಡೇ ಕಿಲೋಮೀಟರ್. ಆಗ ನೆನಪಾದದ್ದು ನಾನೇ ಮೂವತ್ತು ವರ್ಷ ಪಾಠ ಮಾಡಿದ ಭರ್ತೃಹರಿಯ ನೀತಿಶತಕದ ಮಾತು. ವಿಘ್ನಕ್ಕೆ ಹೆದರಿ ಆರಂಭವನ್ನೇ ಮಾಡದವರು ಅಧಮರು, ಆರಂಭಿಸಿ ವಿಘ್ನ ಬಂದೊಡನೆ ನಿಲ್ಲಿಸುವವರು ಮಧ್ಯಮರು, ಎಷ್ಟು ಪೆಟ್ಟು ಬಿದ್ದರೂ ಬಿಡದವರು ಉತ್ತಮರು ಎಂಬುದು ಅದರ ಭಾವ. ನಿಮ್ಮಲ್ಲಿ ಎಷ್ಟೋ ಮಂದಿಗೆ ಅದನ್ನು ಕಂಠಪಾಠ ಮಾಡಿಸಿದ್ದೇನೆ. ಆ ಶ್ಲೋಕದ ಬಲದಿಂದಲೇ ಇನ್ನೂ ನೂರು ಹೆಜ್ಜೆ ಓಡಿದೆ. ನಂತರ ನಿಂತೆ. ನೀರು ಹಂಚುತ್ತಿದ್ದ ಹುಡುಗಿಯೊಬ್ಬಳು ನನ್ನ ಮುಖ ನೋಡಿ, “ಅಜ್ಜ, ಕೂತ್ಕೊಳ್ಳಿ” ಎಂದು ಕುರ್ಚಿ ತಂದಳು. ಆಂಬುಲೆನ್ಸ್‌ನವರು ಮನೆಯ ದೂರವಾಣಿ ಸಂಖ್ಯೆಗಾಗಿ ನಂಬರಿನ ಹಾಳೆಯನ್ನು ತಿರುಗಿಸಿ ನೋಡಿದರು. ಅಲ್ಲಿ ಏನೂ ಇರಲಿಲ್ಲ. ಹೃದಯದ ರಕ್ತನಾಳವೊಂದು ಬಹುಪಾಲು ಮುಚ್ಚಿತ್ತು. ಮರುದಿನ ಸ್ಟೆಂಟ್ ಹಾಕಿದರು. ಎಚ್ಚರವಾದಾಗ ಮನೆಯಾಕೆ ಬೈಯಲಿಲ್ಲ, “ನನಗೆ ಒಂದು ಮಾತು ಹೇಳಬಾರದಿತ್ತೇ?” ಎಂದಳು. ಅದಕ್ಕೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ.

ಇದನ್ನು ತಿಳಿದ ಬಂಧುಗಳು, ಅರವತ್ತರ ಮೇಲೆ ಓಟವೇ ಹುಚ್ಚು ಎನ್ನುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ಮ್ಯಾರಥಾನ್ ಮತ್ತು ಅರ್ಧ ಮ್ಯಾರಥಾನ್‌ಗಳನ್ನು ಕುರಿತ ಅಧ್ಯಯನವೊಂದು 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾಯಿತು. 2000ದಿಂದ 2010ರವರೆಗೆ ಓಡಿದ ಸುಮಾರು 1 ಕೋಟಿ 9 ಲಕ್ಷ ಮಂದಿಯಲ್ಲಿ ಹೃದಯಸ್ತಂಭನವಾದದ್ದು 59 ಮಂದಿಗೆ. ಅಪಾಯ ಅತಿ ಕಡಿಮೆ ಎಂಬುದು ಇದರ ಒಂದು ಪಾಠ. ಆದರೆ ಅವುಗಳಲ್ಲಿ ಹೆಚ್ಚಿನವು ಓಟದ ಕೊನೆಯ ಕಾಲುಭಾಗದಲ್ಲಿ ಸಂಭವಿಸಿದವು ಎಂಬುದು ಇನ್ನೊಂದು ಪಾಠ. “ಇನ್ನೇನು ಸ್ವಲ್ಪ” ಎನ್ನುವ ಜಾಗವೇ ಅದು.

ಫೌಜಾ ಸಿಂಗ್ ಅವರ ಉದಾಹರಣೆಯನ್ನು ನಮಗೆಲ್ಲ ಕೊಡುತ್ತಾರೆ. ನೂರರ ವಯಸ್ಸಿನಲ್ಲಿ, 2011ರಲ್ಲಿ, ಟೊರಾಂಟೊದ ಮ್ಯಾರಥಾನ್ ಮುಗಿಸಿದವರು. ಜನನ ಪ್ರಮಾಣಪತ್ರವಿಲ್ಲದ್ದರಿಂದ ಗಿನ್ನೆಸ್ ಅದನ್ನು ದಾಖಲಿಸಲಿಲ್ಲ. 2025ರ ಜುಲೈನಲ್ಲಿ ತಮ್ಮ ಹಳ್ಳಿಯ ಬಳಿ ವಾಹನ ಬಡಿದು ತೀರಿಕೊಂಡರು. ಅವರ ಛಲವನ್ನಷ್ಟೇ ನೋಡುವವರು ಇನ್ನೊಂದನ್ನು ಮರೆಯುತ್ತಾರೆ. ಟೊರಾಂಟೊದಲ್ಲಿ ಅವರು ತೆಗೆದುಕೊಂಡದ್ದು ಎಂಟು ಗಂಟೆಗೂ ಮಿಕ್ಕಿದ ಸಮಯ. ಅವರು ಯಾರೊಡನೆಯೂ ಪೈಪೋಟಿಗೆ ಬೀಳಲಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು. ಹೆಸರು ಕೊಡುವ ಮೊದಲು ಹೃದಯ ಪರೀಕ್ಷೆ ಮಾಡಿಸಿ. ಆ ಮುಂಜಾನೆ ಮನೆಯಿಂದ ಹೊರಡುವಾಗಲೇ, ಬೇಕಾದರೆ ಅರ್ಧಕ್ಕೆ ನಿಲ್ಲುತ್ತೇನೆಂದು ನಿರ್ಧರಿಸಿಕೊಂಡು ಹೊರಡಿ. ಓಡುತ್ತಿರುವಾಗ ಆ ನಿರ್ಧಾರ ಮಾಡಲು ಅಭಿಮಾನ ಬಿಡುವುದಿಲ್ಲ. ಭರ್ತೃಹರಿ ಹೇಳಿದ್ದು ಬಾಳಿನ ಘನಕಾರ್ಯಗಳ ಮಾತು. ಕೊರಳಿಗೊಂದು ಪದಕಕ್ಕಾಗಿ ಅದನ್ನು ಹಿಡಿದು ಜೋತುಬಿದ್ದದ್ದು ನನ್ನ ತಪ್ಪು ಓದು. ತರಗತಿಯಲ್ಲಿ ಆ ಭೇದವನ್ನು ನಿಮಗೆ ಹೇಳಿಕೊಡಲಿಲ್ಲ, ಇಂದು ಹೇಳುತ್ತಿದ್ದೇನೆ.

ವೈದ್ಯರ ಅನುಮತಿಯ ಮೇಲೆ ನಾನೀಗ ಮತ್ತೆ ಮೂರು ಕಿಲೋಮೀಟರ್ ಓಡು–ನಡೆ ಮಾಡುತ್ತೇನೆ. ಅಂದು ಮಧ್ಯಮನಾದದ್ದರಿಂದಲೇ ಇಂದು ಮತ್ತೊಮ್ಮೆ ಆರಂಭಿಸಲು ಸಾಧ್ಯವಾಯಿತು. ಆ ಹಳೆಯ ವಿದ್ಯಾರ್ಥಿ ಇದನ್ನು ಓದುತ್ತಾನೆಂದು ಬಲ್ಲೆ. ಮಗು, ಓಟಕ್ಕೆ ಹೋಗು, ಒಳ್ಳೆಯದಾಗಲಿ. ಈ ಸಲ ತಡವಾಗಿ ಬಂದರೂ ಮೈದಾನ ಸುತ್ತಿಸುವುದಿಲ್ಲ.