ಗ್ರಾನೈಟಿಗಿಂತ ಮೊದಲು ಒಲೆ

ದೀಪಾವಳಿ ಕಳೆದು ಅಂಗಳಕ್ಕೆ ಬಿಸಿಲು ಬಿದ್ದೊಡನೆ ಮಲೆನಾಡಿನಲ್ಲಿ ಮನೆಗೆಲಸದ ಹಂಗಾಮು ಆರಂಭವಾಗುತ್ತದೆ. ಹಸಿ ಮಣ್ಣಿನ ಗೋಡೆ ಒಣಗುವುದು, ಹೆಂಚು ತೆಗೆದರೂ ಮಳೆಯ ಭಯವಿಲ್ಲದಿರುವುದು ಈ ಮೂರು-ನಾಲ್ಕು ತಿಂಗಳು ಮಾತ್ರ. ಅಡಿಕೆಯ ಹಣ ಕೈಗೆ ಬರುವ ಭರವಸೆಯೂ ಈ ಕಾಲದ್ದೇ. ವೈಶಾಖದಲ್ಲಿ ಮದುವೆ ನಿಶ್ಚಯವಾಗಿರುವ ಮನೆಯಾದರಂತೂ ಅಡುಗೆಮನೆಗೇ ಮೊದಲು ಕೈಹಚ್ಚುತ್ತಾರೆ.

ಹೀಗೆ ಹೊಸದಾದ ಅಡುಗೆಮನೆಗಳಲ್ಲಿ ಕಟ್ಟೆಗೆ ಕರಿಯ ಗ್ರಾನೈಟ್, ಗೋಡೆಗೆ ಟೈಲ್ಸ್, ಮೇಲೊಂದು ಗ್ಯಾಸ್ ಒಲೆ ಬಂದಿರುತ್ತದೆ. ಹಳೆಯ ಮಣ್ಣಿನ ಒಲೆ ಕಾಣುವುದಿಲ್ಲ. ಆದರೆ ಬೆಂಕಿ ಮನೆ ಬಿಟ್ಟು ಹೋಗಿರುವುದಿಲ್ಲ. ಹಿತ್ತಿಲ ಮಾಡಿನ ಕೆಳಗೆ ಮೂರು ಕಲ್ಲಿನ ಮೇಲೆ ಕುಳಿತಿರುತ್ತದೆ. ದನಗಳಿಗೆ ಹುರುಳಿ ಬೇಯುವುದು, ಹಬ್ಬಕ್ಕೆ ದೊಡ್ಡ ಪಾತ್ರೆ ಏರುವುದು ಅಲ್ಲಿ. ಬಚ್ಚಲ ಹಂಡೆಯ ಕೆಳಗಿನ ಬೆಂಕಿ ಹಿಂದಿನಂತೆಯೇ ಬೆಳಗಿನಿಂದ ರಾತ್ರಿಯವರೆಗೆ ಕಟ್ಟಿಗೆ ತಿನ್ನುತ್ತಿರುತ್ತದೆ. ಉಜ್ವಲಾ ಯೋಜನೆ 2016ರಲ್ಲಿ ಆರಂಭವಾದ ಮೇಲೆ ನಮ್ಮ ಹಳ್ಳಿಗಳಲ್ಲಿ ಸಿಲಿಂಡರ್ ಇಲ್ಲದ ಮನೆ ಅಪರೂಪ. ಸಿಲಿಂಡರ್ ಇದ್ದೂ ಕಟ್ಟಿಗೆ ಉರಿಸದ ಮನೆಯೂ ಅಷ್ಟೇ ಅಪರೂಪ.

ಈ ಕಟ್ಟಿಗೆ ಬರುವುದು ಬೆಟ್ಟದಿಂದ. ಉತ್ತರ ಕನ್ನಡದ ಘಟ್ಟದ ಮೇಲಿನ ಸೀಮೆಯಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಟ್ಟ ವ್ಯವಸ್ಥೆ ಬ್ರಿಟಿಷರ ಕಾಲದ್ದು. ಆ ಬೆಟ್ಟಗಳಲ್ಲಿ ಎಷ್ಟೋ ಇಂದು ಬೋಳಾಗಿವೆ. ಹೊಗೆಯಾದರೋ ಹೋಗುವುದು ಒಲೆಯ ಮುಂದೆ ಕುಳಿತವಳ ಎದೆಗೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮನೆಯೊಳಗಿನ ಹೊಗೆಯ ದೆಸೆಯಿಂದ 2020ರಲ್ಲಿ ಜಗತ್ತಿನಲ್ಲಿ ಸತ್ತವರು 32 ಲಕ್ಷ ಜನ. ಅವರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಐದು ವರ್ಷ ತುಂಬದ ಮಕ್ಕಳು.

ಇದಕ್ಕೆ ಪರಿಹಾರವನ್ನು ದೂರ ಹುಡುಕಬೇಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಹುಟ್ಟಿದ ಅಸ್ತ್ರ ಕೇಂದ್ರವು ರೂಪಿಸಿದ ಒಲೆ ನಮ್ಮಲ್ಲಿ ಅನೇಕರಿಗೆ ಪರಿಚಿತ. ಕಟ್ಟಿಗೆಯ ಕೆಳಗೆ ಕಬ್ಬಿಣದ ಜಾಲರಿ ಇರುವುದರಿಂದ ಗಾಳಿ ಬುಡದಿಂದ ಬರುತ್ತದೆ. ಉರಿ ಮೊದಲ ಪಾತ್ರೆಯನ್ನು ಕಾಯಿಸಿ, ಉಳಿದ ಶಾಖ ಇನ್ನೆರಡು ಪಾತ್ರೆಗಳ ಅಡಿಯಲ್ಲಿ ಹಾದು, ಹೊಗೆ ಕೊಳವೆಯ ಮೂಲಕ ಮಾಡಿನಾಚೆಗೆ ಹೋಗುತ್ತದೆ. ಇಷ್ಟು ಸರಳವಾದದ್ದು ಏಕೆ ಎಲ್ಲೆಡೆ ಉಳಿಯಲಿಲ್ಲ? ಕೇಂದ್ರ ಸರ್ಕಾರದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವು 1980ರ ದಶಕದಲ್ಲಿ ಆರಂಭವಾಗಿ 2002ರಲ್ಲಿ ನಿಂತಿತು. ಗುರಿ ಮುಟ್ಟಿಸುವ ಅವಸರದಲ್ಲಿ ಕಟ್ಟಿದ ಎಷ್ಟೋ ಒಲೆಗಳ ಅಳತೆ ತಪ್ಪಿತ್ತು. ಒಲೆಯ ಬಾಯಿಗೂ ಮನೆಯ ಪಾತ್ರೆಗೂ ಹೊಂದಲಿಲ್ಲ. ಕೊಳವೆಯಲ್ಲಿ ಮಸಿ ಕಟ್ಟಿದಾಗ ತೆಗೆಯುವ ಬಗೆಯನ್ನು ಯಾರೂ ಹೇಳಿಕೊಡಲಿಲ್ಲ. ದೋಷ ವಿಜ್ಞಾನದ್ದಲ್ಲ, ಒಲೆಯ ಲೆಕ್ಕವನ್ನು ಕಡತದಲ್ಲಿ ಮಾತ್ರ ಇಟ್ಟವರದ್ದು.

ಹಿರಿಯರದ್ದೊಂದು ಆಕ್ಷೇಪವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಹೊಗೆಯಿಲ್ಲದೆ ಅಟ್ಟದ ಮೇಲಿನ ಬೀಜಕ್ಕೆ ಹುಳು ಬೀಳುತ್ತದೆ, ಪಕಾಸಿಗೆ ಗೊರಲೆ ಹತ್ತುತ್ತದೆ ಎನ್ನುತ್ತಾರೆ. ನಿಜವೇ. ಅಟ್ಟದ ಮೂಲಕವೇ ಕೊಳವೆಯನ್ನು ಒಯ್ದರೆ ಹೊಗೆಯಿಲ್ಲದ ಶಾಖ ಅಲ್ಲಿಗೆ ದೊರಕುತ್ತದೆ. ಆದರೆ ಕೊಳವೆ ಕೆಂಡದಂತೆ ಕಾಯುವುದರಿಂದ ಮರಕ್ಕೂ ಅದಕ್ಕೂ ನಡುವೆ ಅಂತರವಿರಲೇಬೇಕು. ಮರಕ್ಕೆ ಗೇರು ಎಣ್ಣೆ ಹಚ್ಚುವುದು ನಮ್ಮವರಿಗೆ ಹೊಸದಲ್ಲ. ಬೀಜದ ರಕ್ಷಣೆಗಾಗಿ ಮನೆಯ ಹೆಂಗಸರು ಕೆಮ್ಮುತ್ತಿರಬೇಕು ಎಂಬ ವಾದವನ್ನು ಮಾತ್ರ ನಾವು ಒಪ್ಪುವುದಿಲ್ಲ.

ಆದ್ದರಿಂದ ಈ ಚಳಿಗಾಲ ಅಡುಗೆಮನೆಯ ಕೆಲಸ ಹಿಡಿದವರು ಹಣವನ್ನು ಮೊದಲು ಬೆಂಕಿಗೆ ತೆಗೆದಿರಿಸಲಿ: ಒಳಗಿನ ಒಲೆಗೆ, ಹಿತ್ತಿಲ ಒಲೆಗೆ, ಎಲ್ಲಕ್ಕಿಂತ ಮೊದಲು ಬಚ್ಚಲೊಲೆಗೆ. ಉಳಿದರೆ ಗ್ರಾನೈಟ್. ಕಟ್ಟೆಯ ಎತ್ತರ, ಕಿಟಕಿಯ ಜಾಗ, ಒಲೆಯ ಬಾಯಿಯ ಅಳತೆ ಇವನ್ನು ಮೇಸ್ತ್ರಿಯೂ ಯಜಮಾನರೂ ಜಗಲಿಯಲ್ಲಿ ಕುಳಿತು ತೀರ್ಮಾನಿಸುವ ರೂಢಿ ನಿಲ್ಲಲಿ. ಅಡುಗೆ ಮಾಡುವವರು ತಮ್ಮ ಪಾತ್ರೆಗಳನ್ನು ತಂದಿಟ್ಟೇ ಅಳತೆ ಕೊಡಲಿ. ಹೊಗೆಕೊಳವೆಯು ಮಾಡಿನ ನೆತ್ತಿಗಿಂತ ಎತ್ತರವಿರಬೇಕು, ಇಲ್ಲವಾದರೆ ಗಾಳಿ ಹೊಗೆಯನ್ನು ಹಿಂದಕ್ಕೇ ತಳ್ಳುತ್ತದೆ. ಹಿಂದೆ ಬಳಸುತ್ತಿದ್ದ ಆಸ್‌ಬೆಸ್ಟಾಸ್ ಕೊಳವೆ ಬೇಡ. ಅದನ್ನು ಕೊಯ್ಯುವಾಗ ಏಳುವ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣ. ಕಟ್ಟಿಗೆಯನ್ನು ಈಗಲೇ ಸೀಳಿ ಒಣಗಿಸಿ. ಹಸಿ ಕಟ್ಟಿಗೆಯ ತೂಕದಲ್ಲಿ ಸುಮಾರು ಅರ್ಧ ನೀರೇ ಇದ್ದು, ಉರಿಯ ಒಂದು ಪಾಲು ಆ ನೀರನ್ನು ಆವಿ ಮಾಡುವುದರಲ್ಲಿಯೇ ವ್ಯರ್ಥವಾಗುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಕೆಲಸ. ಒಲೆ ಬದಲಿಸುವ ಮುನ್ನ ಒಂದು ವಾರ, ಬದಲಿಸಿದ ಮೇಲೆ ಒಂದು ವಾರ, ಮನೆಯಲ್ಲಿ ಉರಿಸಿದ ಕಟ್ಟಿಗೆಯನ್ನು ತೂಗಿ ಬರೆದಿಡಿ. ಬಚ್ಚಲಿನದ್ದನ್ನು ಬೇರೆಯಾಗಿ ಬರೆಯಿರಿ. ಆ ಲೆಕ್ಕಗಳನ್ನು ನಮಗೆ ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

ಇನ್ನೊಂದು ಮಾತು: ಕೊಳವೆಯ ಬುಡದಲ್ಲಿ ಮಸಿ ತೆಗೆಯಲು ಮುಚ್ಚಳವಿರುವ ಒಂದು ಕಂಡಿಯನ್ನು ಬಿಡಿಸಿ. ತಿಂಗಳಿಗೊಮ್ಮೆ ಅದನ್ನು ತೆರೆದು ಮಸಿ ತೆಗೆಯುವ ಕೆಲಸ ಮನೆಯ ಗಂಡಸರದ್ದಾಗಲಿ.